ಹನ್ನೊಂದನೇ ಗುಂಡು

2013ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಸನ್ನಿವೇಲ್ ಊರಿನ ಮತಪತ್ರದಲ್ಲಿ ಮೆಷರ್ ಸಿ ಎಂಬ ಪ್ರಶ್ನೆಯೊಂದು ಬಂತು. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್, ಅಂದರೆ ಗನ್‌ಗೆ ಸಿಕ್ಕಿಸುವ ಗುಂಡಿನ ಡಬ್ಬಿ, ಊರಿನ ಎಲ್ಲೆಯೊಳಗೆ ಯಾರ ಬಳಿಯೂ ಇರಕೂಡದು, ಗನ್ ಕಳುವಾದರೆ 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ಮನೆಯಲ್ಲಿಟ್ಟ ಗನ್‌ಗೆ ಬೀಗ ಇರಬೇಕು, ಗುಂಡು ಮಾರುವ ಅಂಗಡಿಯವರು ಕೊಂಡವರ ಲೆಕ್ಕವನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಒಪ್ಪಿಗೆಯೇ ಅಂತ ಕೇಳಿದರೆ ಮೂರರಲ್ಲಿ ಎರಡು ಪಾಲು ಜನ ಹೂಂ ಅಂದರು. ಆಗ ನಾನು ಎಚ್-1ಬಿ ವೀಸಾದವನು. ಮತವೂ ಇಲ್ಲ, ಗನ್ ಇಟ್ಟುಕೊಳ್ಳುವ ಹಕ್ಕೂ ಇಲ್ಲ. ಬೇಟೆ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ ಆ ವೀಸಾದವರು ಗನ್ ಮುಟ್ಟುವುದೇ ಇಲ್ಲಿ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಎಲ್ ಕಮೀನೋ ರಸ್ತೆಯ ಹೋಟೆಲುಗಳಲ್ಲಿ ದೋಸೆ ತಿನ್ನುತ್ತಾ ಗ್ರೀನ್ ಕಾರ್ಡ್ ಸರದಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ನಮ್ಮ ಜನ ಮೆಷರ್ ಸಿ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಬೇರೆಯವರ ಮನೆಯ ಜಗಳ ಅನ್ನುವ ಭಾವನೆ.

ನನಗೂ ಹಾಗೇ ಇತ್ತು. ಗ್ರೀನ್ ಕಾರ್ಡ್ ಬಂದ ಮೇಲೆ ಸ್ಯಾನ್ ಹೋಸೆಯ ಹಿರಿಯ ಸಹೋದ್ಯೋಗಿಯೊಬ್ಬರು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗುವ ತನಕ ಮ್ಯಾಗಜಿನ್ ಅನ್ನು ಕೈಯಲ್ಲಿ ಹಿಡಿದು ನೋಡಿದವನಲ್ಲ. ಇಷ್ಟು ವರ್ಷ ಕೋರ್ಟು, ಶಾಸನಸಭೆ, ಚುನಾವಣೆಗಳಲ್ಲಿ ಬಡಿದಾಡಿಸಿದ ವಸ್ತು ಅದೇನಾ ಅನ್ನಿಸುವಷ್ಟು ಸಾಧಾರಣವಾಗಿತ್ತು: ಪ್ಲಾಸ್ಟಿಕ್ಕಿನದೋ ತಗಡಿನದೋ ಒಂದು ಡಬ್ಬಿ, ಒಳಗೊಂದು ಸ್ಪ್ರಿಂಗ್, ಸ್ಪ್ರಿಂಗಿನ ತಲೆಯ ಮೇಲೆ ಗುಂಡನ್ನು ಎತ್ತಿಕೊಡುವ ಒಂದು ತುಂಡು, ತಳಕ್ಕೆ ಜಾರಿಸಿ ಕೂರಿಸುವ ಮುಚ್ಚಳ. ಟಾರ್ಚಿಗೆ ಸೆಲ್ ತುಂಬಿದ ಹಾಗೆ ಮೇಲಿನಿಂದ ಗುಂಡು ತುಂಬಬೇಕು. ಮೊದಲ ಮೂರ್ನಾಲ್ಕು ಸಲೀಸಾಗಿ ಇಳಿದವು. ಏಳನೆಯದಕ್ಕೆ ಹೆಬ್ಬೆರಳು ನೋಯತೊಡಗಿತು. ಹತ್ತನೆಯದನ್ನು ಅವರೇ ಒತ್ತಿ ಕೂರಿಸಿದರು. ಡಬ್ಬಿಯಲ್ಲಿ ನಂಬರಿಲ್ಲ, ಹೆಸರಿಲ್ಲ, ರಿಜಿಸ್ಟ್ರಿ ಇಲ್ಲ. ಗನ್‌ಗಾದರೆ ಸೀರಿಯಲ್ ನಂಬರ್ ಇರುತ್ತದೆ, ಕೊಳ್ಳುವವನ ಪೂರ್ವಾಪರ ನೋಡುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾಯಿಸುತ್ತಾರೆ. ಈ ಡಬ್ಬಿಗೆ ಅದ್ಯಾವುದೂ ಇಲ್ಲ.

ಅವರು ಇನ್ನೊಂದನ್ನು ತೋರಿಸಿದರು. ನೋಡಲು 30 ಗುಂಡಿನ ಉದ್ದದ ಮ್ಯಾಗಜಿನ್, ಆದರೆ ಪಕ್ಕದಲ್ಲಿ ಒಂದು ರಿವೆಟ್ ಹೊಡೆದಿದೆ. ಒಳಗಿನ ತುಂಡು ಆ ರಿವೆಟ್ಟಿಗೆ ತಾಗಿ ನಿಲ್ಲುತ್ತದೆ, ಹತ್ತರ ಮೇಲೆ ಹನ್ನೊಂದನೆಯದು ಇಳಿಯುವುದಿಲ್ಲ. ಇಡೀ ಕಾನೂನು ಆ ರಿವೆಟ್ಟಿನ ತುದಿಯಲ್ಲಿ ನಿಂತಿದೆ. ಅವರು ಖಾಲಿ ಡಬ್ಬಿ ಬೀಳಿಸಿ ಹೊಸದನ್ನು ಸಿಕ್ಕಿಸಿ ತೋರಿಸಿದರು. ರೇಂಜಿನಲ್ಲಿ ನಿಂತು, ಅವಸರವಿಲ್ಲದೆ, ಎರಡು ಮೂರು ಸೆಕೆಂಡು. ಕೈ ನಡುಗುವವನಿಗೆ ಇನ್ನೂ ಹೆಚ್ಚು. "ನಿಮ್ಮ ಸರ್ಕಾರದವರು ಜಗಳ ಆಡ್ತಿರೋದು ಇಷ್ಟು ಹೊತ್ತಿಗೆ" ಅಂದರು. ವ್ಯಂಗ್ಯವಾಗಿಯೇ ಅಂದದ್ದು. ಆದರೆ ವಿಷಯ ಅಷ್ಟೇ ಹೌದು.

ಆ ಎರಡು ಮೂರು ಸೆಕೆಂಡಿನಲ್ಲಿ ಏನಾಗಬಹುದು ಅನ್ನುವುದಕ್ಕೆ ಅಮೆರಿಕದವರು ಎಲ್ಲರಿಗಿಂತ ಮೊದಲು ಹೇಳುವುದು ಅರಿಜೋನಾದ ಟೂಸಾನ್ ಊರಿನ ಕಥೆ. 2011ರ ಜನವರಿ 8. ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅಂಗಡಿಯೊಂದರ ಮುಂದೆ ಜನರನ್ನು ಮಾತಾಡಿಸುತ್ತಿದ್ದರು. ಒಬ್ಬ ಬಂದು ಗ್ಲಾಕ್ ಪಿಸ್ತೂಲಿನಿಂದ ಹೊಡೆಯತೊಡಗಿದ. ಮ್ಯಾಗಜಿನ್ 33 ಗುಂಡಿನದು. ಅರ್ಧ ನಿಮಿಷದೊಳಗೆ ಅದು ಖಾಲಿಯಾಯಿತು. ಆರು ಜನ ಸತ್ತರು. ಅವನು ಇನ್ನೊಂದನ್ನು ಸಿಕ್ಕಿಸಲು ಹೋದಾಗ ಅದು ಕೈಯಿಂದ ಜಾರಿತು. 61 ವರ್ಷದ ಹೆಂಗಸೊಬ್ಬರು ನೆಲದ ಮೇಲಿಂದಲೇ ಅದನ್ನು ಕಿತ್ತುಕೊಂಡರು, ಉಳಿದವರು ಅವನ ಮೇಲೆ ಬಿದ್ದು ಅದುಮಿ ಹಿಡಿದರು. ಎರಡು ವರ್ಷದ ನಂತರ ಸೆನೆಟ್ ಸಮಿತಿಯ ಮುಂದೆ ಗಿಫರ್ಡ್ಸ್ ಅವರ ಗಂಡ ಮಾರ್ಕ್ ಕೆಲ್ಲಿ ಲೆಕ್ಕ ಕೊಟ್ಟರು. ಮೊದಲ ಗುಂಡು ಹೆಂಡತಿಯ ತಲೆಗೆ, 13ನೆಯದು ಒಂಬತ್ತು ವರ್ಷದ ಹುಡುಗಿಗೆ. ಮ್ಯಾಗಜಿನ್ ಹತ್ತರದ್ದಾಗಿದ್ದರೆ ಆ ಮಗು ಬದುಕಿರುತ್ತಿತ್ತು ಅಂದರು. ಈ ಕಾನೂನುಗಳ ಪರವಾಗಿ ನಾನು ಕೇಳಿದ ವಾದಗಳಲ್ಲಿ ಇದರಷ್ಟು ನೇರವಾದದ್ದು ಬೇರೆ ಇಲ್ಲ.

ಸ್ಯಾನ್ ಡಿಯೇಗೊದ ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಜ್ ಕ್ಯಾಲಿಫೋರ್ನಿಯಾದ ಹತ್ತರ ಮಿತಿಯನ್ನು ಹೊಡೆದುಹಾಕಿದ 2019ರ ತೀರ್ಪನ್ನೂ ಓದಬೇಕು. ಅದು ಶುರುವಾಗುವುದೇ ಮನೆಗೆ ನುಗ್ಗಿದವರ ಎದುರು ಒಂಟಿಯಾಗಿ ನಿಂತ ಹೆಂಗಸರ ಕಥೆಗಳಿಂದ. ಗುಂಡು ಹಾರಿಸುತ್ತಾ ಹಾರಿಸುತ್ತಾ ಡಬ್ಬಿ ಖಾಲಿಯಾದಾಗ ಎದುರಾಳಿ ಇನ್ನೂ ಮನೆಯೊಳಗೇ ಇದ್ದ ಕಥೆಗಳು. ಅದೇ ಹನ್ನೊಂದನೇ ಗುಂಡು, ಈ ಸಲ ಇನ್ನೊಂದು ತುದಿಯಿಂದ ನೋಡಿದ್ದು. ಇದನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಆದರೆ ಅದೇ ಮೊಕದ್ದಮೆಯಲ್ಲಿ ಸರ್ಕಾರದ ಪರವಾಗಿ ಬಂದ ಅರ್ಥಶಾಸ್ತ್ರಜ್ಞೆಯೊಬ್ಬರು ಆತ್ಮರಕ್ಷಣೆಯ ಪ್ರಕರಣಗಳನ್ನು ಲೆಕ್ಕ ಹಾಕಿ ಹೇಳಿದ್ದು: ಸರಾಸರಿ ಹಾರುವ ಗುಂಡು 2.2. ಹತ್ತು ದಾಟಿದ್ದು ಅಪರೂಪದಲ್ಲಿ ಅಪರೂಪ. ಕಾನೂನು ಅಪರೂಪದವರಿಗಾಗಿ ಬರೆಯುವುದೇ, ಸರಾಸರಿಗಾಗಿಯೇ? ಸಾಮೂಹಿಕ ಹತ್ಯೆಯೂ ಅಪರೂಪದ ಘಟನೆಯೇ ಅಲ್ಲವೇ ಅಂತ ಬಂದೂಕಿನ ಕಡೆಯವರು ತಿರುಗಿ ಕೇಳುತ್ತಾರೆ. ಕೇಳಬೇಕಾದದ್ದೇ. ನನ್ನ ಉತ್ತರ ಇಷ್ಟು: ಎರಡೂ ಅಪರೂಪವಾದರೆ ಯಾವುದರಲ್ಲಿ ಹೆಣ ಹೆಚ್ಚು ಬೀಳುತ್ತದೋ ಅದನ್ನು ನೋಡು. ಸಂಶೋಧಕ ಲೂಯಿ ಕ್ಲಾರೆವಾಸ್ ಮತ್ತು ಜೊತೆಯವರು 1990ರಿಂದ 2017ರವರೆಗಿನ 69 ದೊಡ್ಡ ಹತ್ಯಾಕಾಂಡಗಳನ್ನು ಅಳೆದಾಗ, ದೊಡ್ಡ ಮ್ಯಾಗಜಿನ್ ಬಳಸಿದ ಕಡೆ ಸರಾಸರಿ ಸಾವು ಶೇ. 62ರಷ್ಟು ಹೆಚ್ಚು ಕಂಡಿತು.

ಹತ್ತೇ ಯಾಕೆ ಅನ್ನುವುದಕ್ಕೆ ಮಾತ್ರ ಯಾರ ಬಳಿಯೂ ಸರಿಯಾದ ಉತ್ತರವಿಲ್ಲ. 1989ರಲ್ಲಿ ಸಂಸತ್ತಿನ ಸದಸ್ಯರಿಗೆ ಕಾಗದ ಬರೆದು ಹದಿನೈದರ ಮೇಲಿನವನ್ನು ನಿಷೇಧಿಸಿ ಅಂದವರು ಬಂದೂಕು ವಿರೋಧಿಯಲ್ಲ, ಬಂದೂಕು ಕಂಪನಿಯ ಒಡೆಯ ವಿಲಿಯಂ ರೂಗರ್. ಬಂದೂಕಿನ ಮೇಲೆ ಕೈ ಹಾಕುವ ಬದಲು ಡಬ್ಬಿಯ ಮೇಲೆ ಹಾಕಲಿ ಎಂಬ ಲೆಕ್ಕಾಚಾರ. 1994ರ ಕೇಂದ್ರ ಕಾನೂನು ಹತ್ತು ಅಂದಿತು. ನ್ಯೂಜೆರ್ಸಿ 1990ರಲ್ಲಿ ಹದಿನೈದು ಅಂದು 2018ರಲ್ಲಿ ಹತ್ತಕ್ಕೆ ಇಳಿಯಿತು. ಕೊಲರಾಡೊ ಹದಿನೈದು, ಡೆಲವೇರ್ ಹದಿನೇಳು. ಇಲಿನಾಯ್ ಮತ್ತು ವರ್ಮಾಂಟಿನಲ್ಲಿ ಉದ್ದ ಬಂದೂಕಿಗೆ ಹತ್ತು, ಪಿಸ್ತೂಲಿಗೆ ಹದಿನೈದು. ನ್ಯೂಯಾರ್ಕ್ 2013ರಲ್ಲಿ ಇನ್ನೂ ಮುಂದೆ ಹೋಗಿ, ಡಬ್ಬಿ ಹತ್ತರದ್ದಿದ್ದರೂ ತುಂಬುವುದು ಏಳೇ ಇರಲಿ ಅಂದಿತು. ಆ ಏಳನ್ನು ಫೆಡರಲ್ ಕೋರ್ಟು ಅದೇ ವರ್ಷದ ಕೊನೆಯ ದಿನ ಹೊಡೆದುಹಾಕಿತು. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಕೌಬಾಯ್ ಶೈಲಿಯ ಲಿವರ್ ಬಂದೂಕಿನ ಕೊಳವೆಗೆ ವಿನಾಯಿತಿ, ಸಿನಿಮಾ ಶೂಟಿಂಗಿಗೆ ಬಳಸುವವಕ್ಕೂ ವಿನಾಯಿತಿ. ಹಾಲಿವುಡ್ ಇರುವ ರಾಜ್ಯ, ಬಿಡಿ.

ಮಿತಿ ಹಾಕಿದರೆ ಎಲ್ಲವೂ ನಿಲ್ಲುತ್ತದೆ ಅಂತಲೂ ಅಲ್ಲ. 2021ರ ಮೇ 26ರಂದು ನಮ್ಮ ಪಕ್ಕದ ಸ್ಯಾನ್ ಹೋಸೆಯಲ್ಲಿ, ಸ್ಥಳೀಯ ಸಾರಿಗೆ ಸಂಸ್ಥೆ ವಿಟಿಎಯ ರೈಲು ಡಿಪೋದಲ್ಲಿ ಅಲ್ಲಿನ ನೌಕರನೇ ಒಂಬತ್ತು ಜನರನ್ನು ಕೊಂದ. ಅವನ ಬಳಿ ಇದ್ದ 32 ಮ್ಯಾಗಜಿನ್‌ಗಳು ಕಾನೂನಿನ ಮಿತಿ ಮೀರಿದಂಥವು. ಹಾರಿದ್ದು 39 ಗುಂಡು. 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ 32 ಜನರನ್ನು ಕೊಂದವನ ಹತ್ತಿರ ಇದ್ದವು ಹತ್ತರ ಮತ್ತು ಹದಿನೈದರ ಡಬ್ಬಿಗಳು. ಬರೀ ಹತ್ತರದ್ದೇ ಇದ್ದಿದ್ದರೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ ಅಂತ ತನಿಖಾ ಸಮಿತಿಯೇ ಬರೆದಿದೆ. ಬಾಗಿಲು ಮುಚ್ಚಿದ ತರಗತಿಯಲ್ಲಿ ಮೇಲೆ ಬೀಳುವವರು ಯಾರೂ ಇಲ್ಲದಿದ್ದರೆ ಮೂರು ಸೆಕೆಂಡು ಸಿಕ್ಕರೂ ಉಪಯೋಗಕ್ಕೆ ಬರುವುದಿಲ್ಲ. ಟೂಸಾನ್‌ನಲ್ಲಿ ಬಯಲು ಜಾಗವಿತ್ತು, ಹತ್ತಿರದಲ್ಲಿ ದೊಡ್ಡವರಿದ್ದರು.

ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರು ವಿರಾಜಪೇಟೆ ಕಡೆಯವರು. ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆ ಕೋವಿ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ಸಿಕ್ಕಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ 2021ರಲ್ಲಿ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯವರಾದ್ದರಿಂದ ಬಂದೂಕು ಅಂದರೆ ನನ್ನ ಹಾಗೆ ಹಿಂದೆ ಸರಿಯುವವರಲ್ಲ. ಅವರಿಗೆ 30 ಗುಂಡಿನ ಡಬ್ಬಿಯ ಕಥೆ ಹೇಳಿದೆ. "ಎರಡು ನಳಿಗೆ, ಎರಡು ತೋಟೆ. ಮೂರನೇದು ಹಾಕೋವರೆಗೆ ಹಂದಿ ಕಾಯ್ತದಾ ಮಾರಾಯ? ಎರಡರಲ್ಲಿ ಬೀಳದಿದ್ರೆ ಮನೆಗೆ ಬರೋದು" ಅಂದರು. ಬೇಟೆಗಾರ ಹಾಗೆ ಯೋಚಿಸುತ್ತಾನೆ. ಇಲ್ಲಿನ ವಾದ ಬೇಟೆಯದ್ದಲ್ಲ. ಸರ್ಕಾರವನ್ನೂ ಕಳ್ಳನನ್ನೂ ಒಂದೇ ಸಂಶಯದಿಂದ ನೋಡುವ ಹಕ್ಕಿನದ್ದು. ಅದನ್ನು ಮರೆತರೆ ಇಲ್ಲಿನ ಒಂದು ತೀರ್ಪೂ ಅರ್ಥವಾಗುವುದಿಲ್ಲ.

ಆ ತೀರ್ಪುಗಳು 2022ರ ನಂತರ ವಿಚಿತ್ರ ದಾರಿ ಹಿಡಿದಿವೆ. ಆ ವರ್ಷ ಜೂನ್ 23ರಂದು ಬ್ರೂಯೆನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಂದೂಕು ಕಾನೂನಿನಿಂದ ಎಷ್ಟು ಜೀವ ಉಳಿಯುತ್ತದೆ ಎಂದು ತೂಗುವ ಹಾಗಿಲ್ಲ, ದೇಶದ ಇತಿಹಾಸದಲ್ಲಿ ಅಂಥದ್ದೇ ನಿರ್ಬಂಧ ಇತ್ತೇ ಅಂತ ನೋಡಿ ಎಂದಿತು. ಅಂದಿನಿಂದ ಎರಡೂ ಕಡೆಯ ವಕೀಲರು ಇತಿಹಾಸದ ಕಡತ ಅಗೆಯುತ್ತಿದ್ದಾರೆ. ಒಬ್ಬರು 1780ರ ಸುಮಾರಿನ ಜಿರಾರ್ಡೋನಿ ಗಾಳಿ ಬಂದೂಕನ್ನು ತಂದರು. ಒಮ್ಮೆ ತುಂಬಿದರೆ ಇಪ್ಪತ್ತು ಗುಂಡು, ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಪಶ್ಚಿಮಕ್ಕೆ ಹೊರಟಾಗ ಒಯ್ದದ್ದು. ಅಂದರೆ ಸಂವಿಧಾನ ಬರೆದವರಿಗೆ ಇದು ಹೊಸದಲ್ಲ ಅನ್ನುವ ವಾದ. ಇನ್ನೊಬ್ಬರು ಮನೆಯಲ್ಲಿ ಇಷ್ಟಕ್ಕಿಂತ ಹೆಚ್ಚು ಮದ್ದು ಇಡಬಾರದೆಂಬ ಹಳೆಯ ಊರ ಕಾನೂನುಗಳನ್ನು, ಬೋವಿ ಎಂಬ ಉದ್ದ ಚಾಕುವಿನ ನಿಷೇಧಗಳನ್ನು ತಂದರು. ನನಗೆ ಹೆಚ್ಚು ಸಮೀಪದ್ದು ಅನ್ನಿಸಿದ್ದು 1927. ಮದ್ಯ ನಿಷೇಧ ಕಾಲದ ಗ್ಯಾಂಗುಗಳ ಹಾವಳಿಯಲ್ಲಿ ಮಿಷಿಗನ್ ರಾಜ್ಯ ಮತ್ತೆ ತುಂಬದೆ 16ಕ್ಕಿಂತ ಹೆಚ್ಚು ಸಲ ಹಾರಿಸಬಲ್ಲ ಬಂದೂಕನ್ನು ನಿಷೇಧಿಸಿತು, ರೋಡ್ ಐಲೆಂಡ್ 12ಕ್ಕೆ ಗೆರೆ ಎಳೆಯಿತು. ಮುಂದೆ ಎರಡೂ ಹೋದವು. ಆದರೆ ಗುಂಡಿನ ಎಣಿಕೆಯ ಮೇಲೆ ಕಾನೂನು ಮಾಡುವ ಯೋಚನೆ ಈಗಿನವರದ್ದಲ್ಲ ಅನ್ನುವುದಕ್ಕೆ ಅಷ್ಟು ಸಾಕು.

ಬೆನಿಟೆಜ್ ತೀರ್ಪು ಕೊಟ್ಟ ಆ ಕ್ಯಾಲಿಫೋರ್ನಿಯಾದ ಡಂಕನ್ ಮೊಕದ್ದಮೆ ಈ ಅಗೆತದಲ್ಲಿ ಮೇಲೂ ಕೆಳಗೂ ಓಡಾಡಿತು. ಬೆನಿಟೆಜ್ ಹೊಡೆದುಹಾಕುವುದು, ಒಂಬತ್ತನೇ ಸರ್ಕಿಟ್ ಎಂಬ ಫೆಡರಲ್ ಮೇಲ್ಮನವಿ ಕೋರ್ಟು ಎತ್ತಿಹಿಡಿಯುವುದು, ಸುಪ್ರೀಂ ಕೋರ್ಟು ವಾಪಸು ಕಳಿಸುವುದು, ಬೆನಿಟೆಜ್ ಮತ್ತೆ ಹೊಡೆದುಹಾಕುವುದು. 2025ರ ಮಾರ್ಚ್ 20ರಂದು ಒಂಬತ್ತನೇ ಸರ್ಕಿಟ್ 7-4ರಲ್ಲಿ ಮತ್ತೆ ಎತ್ತಿಹಿಡಿಯಿತು. ದೊಡ್ಡ ಮ್ಯಾಗಜಿನ್ ಆಯುಧವಲ್ಲ, ಆಯುಧಕ್ಕೆ ಸಿಕ್ಕಿಸುವ ಉಪಸಾಮಗ್ರಿ, ಹಾಗಾಗಿ ಬಂದೂಕಿನ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿಯ ರಕ್ಷಣೆ ಇಲ್ಲ ಎಂಬುದು ನ್ಯಾಯಮೂರ್ತಿ ಸೂಸನ್ ಗ್ರೇಬರ್ ಬರೆದ ತೀರ್ಪಿನ ಒಂದು ಕಾರಣ. ಭಿನ್ನಮತದ ಲಾರೆನ್ಸ್ ವ್ಯಾನ್‌ಡೈಕ್ ಸಿಟ್ಟಾಗಿ ತಮ್ಮ ಕೊಠಡಿಯಲ್ಲೇ ಬಂದೂಕುಗಳನ್ನು ಬಿಚ್ಚಿ ಜೋಡಿಸಿ ತೋರಿಸುವ ವಿಡಿಯೋ ಮಾಡಿ ತೀರ್ಪಿನ ಜೊತೆ ಹಾಕಿದರು. ನ್ಯಾಯಾಧೀಶರು ಸಾಕ್ಷಿಯ ಕೆಲಸ ಮಾಡಬಾರದು ಅಂತ ಜೊತೆಯವರು ಬೈದರು. ಬೈಗುಳ ಸರಿಯೇ. ಆದರೂ, ಉಪಸಾಮಗ್ರಿ ಎಂಬ ವಾದ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಡಬ್ಬಿ ಇಲ್ಲದ ಆ ಪಿಸ್ತೂಲನ್ನು ನಾನೇ ಹಿಡಿದಿದ್ದೆ. ಹಾರಿಸಬಹುದಾದದ್ದು ಒಂದೇ ಗುಂಡು. ಕಾನೂನನ್ನು ಉಳಿಸಿಕೊಳ್ಳಲು ಇಂಥ ಜಾಣತನ ಬೇಕಿರಲಿಲ್ಲ. ಮೂರು ಸೆಕೆಂಡಿನ ವಿಷಯವನ್ನು ಮೂರು ಸೆಕೆಂಡಿನ ವಿಷಯವಾಗಿಯೇ ಮಾತಾಡಲು ಬ್ರೂಯೆನ್ ಬಿಡದೆ ಹೋದದ್ದಕ್ಕೆ ಎಲ್ಲರೂ ಹೀಗೆ ಬಳಸುದಾರಿ ಹಿಡಿಯಬೇಕಾಗಿದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಮಾರಬಾರದು ಅನ್ನುವ ಕಾನೂನು ಒಂದು, ಇಟ್ಟುಕೊಳ್ಳಬಾರದು ಅನ್ನುವ ಕಾನೂನು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. 2025ರ ಹೊತ್ತಿಗೆ ಹದಿನಾಲ್ಕು ರಾಜ್ಯಗಳಲ್ಲಿ ಇಂಥ ಕಾಯ್ದೆ ಇತ್ತು. ಆದರೆ ವಾಷಿಂಗ್ಟನ್ ರಾಜ್ಯ, ಮೇರಿಲ್ಯಾಂಡ್ ಮುಂತಾದ ಕಡೆ ನಿಷೇಧ ಅಂಗಡಿಯ ಕೌಂಟರಿಗೆ ನಿಲ್ಲುತ್ತದೆ, ಹಳೆಯದು ಮನೆಯಲ್ಲಿದ್ದರೆ ಕೇಳುವವರಿಲ್ಲ. 1994ರ ಕೇಂದ್ರ ಕಾನೂನೂ ಹಾಗೇ ಇತ್ತು. ಅದರ ಫಲಿತಾಂಶ ಅಳೆದ ಕ್ರಿಸ್ಟೋಫರ್ ಕೋಪರ್ 2004ರಲ್ಲಿ ಬರೆದದ್ದು ಎರಡೂ ಕಡೆಯವರಿಗೆ ಇಷ್ಟವಾಗಲಿಲ್ಲ: ನಿಷೇಧಕ್ಕೆ ಮುಂಚಿನ ದಾಸ್ತಾನು ಎಷ್ಟಿತ್ತೆಂದರೆ ಹತ್ತು ವರ್ಷವಾದರೂ ಅದು ಕರಗಿರಲಿಲ್ಲ, ಪರಿಣಾಮ ಆದರೂ ಅಳೆಯಲಾಗದಷ್ಟು ಸಣ್ಣದು. ಆ ವರ್ಷ ಸೆಪ್ಟೆಂಬರ್ 13ಕ್ಕೆ ಕಾನೂನಿನ ಅವಧಿಯೂ ಮುಗಿಯಿತು. ಸ್ಪ್ರಿಂಗ್ ಹಾಕಿದ ತಗಡಿನ ಡಬ್ಬಿ ನಲವತ್ತು ವರ್ಷ ಬಾಳುತ್ತದೆ. ಮಾರಾಟ ನಿಲ್ಲಿಸಿ ಕಾಯುವ ಕಾನೂನಿಗೆ ಅಷ್ಟು ಆಯಸ್ಸಾದರೂ ಬೇಕು.

ಕ್ಯಾಲಿಫೋರ್ನಿಯಾ 2000ದಲ್ಲಿ ಮಾರಾಟ ನಿಲ್ಲಿಸಿ ಕಾಯತೊಡಗಿತ್ತು. 2016ರಲ್ಲಿ ತಾಳ್ಮೆ ತಪ್ಪಿತು. ಆಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಗ್ಯಾವಿನ್ ನ್ಯೂಸಮ್ ಮುಂದೆ ನಿಂತು ತಂದ 63ನೇ ಪ್ರಸ್ತಾಪಕ್ಕೆ ಶೇ. 63ರಷ್ಟು ಮತ ಬಿತ್ತು. 2017ರ ಜುಲೈ 1ರೊಳಗೆ ಹಳೆಯ ಡಬ್ಬಿಗಳನ್ನೂ ರಾಜ್ಯದಿಂದ ಹೊರಗೆ ಸಾಗಿಸಬೇಕು, ಇಲ್ಲವೇ ಲೈಸೆನ್ಸಿನ ವ್ಯಾಪಾರಿಗೆ ಮಾರಬೇಕು ಅಥವಾ ಒಡೆದುಹಾಕಲು ಪೊಲೀಸರಿಗೆ ಒಪ್ಪಿಸಬೇಕು. ಇಟ್ಟುಕೊಂಡರೆ ಒಂದೊಂದಕ್ಕೆ 100 ಡಾಲರ್‌ವರೆಗೆ ದಂಡ, ಜೈಲೂ ಆಗಬಹುದು. ಪೊಲೀಸರಿಗೆ, ನಿವೃತ್ತ ಪೊಲೀಸರಿಗೂ, ಇದು ಅನ್ವಯಿಸುವುದಿಲ್ಲ. ಪರಿಹಾರ ಎಷ್ಟು? ಸೊನ್ನೆ. ನಂಬರೇ ಇಲ್ಲದ, ಯಾರ ಬಳಿ ಎಷ್ಟಿದೆ ಎಂದು ಒಂದು ಪುಸ್ತಕದಲ್ಲೂ ಬರೆದಿಡದ ವಸ್ತುವನ್ನು ಪುಕ್ಕಟೆಯಾಗಿ ತಂದೊಪ್ಪಿಸಿ ಅಂದರೆ ಯಾರು ತರುತ್ತಾರೆ? ನಿಯಮ ಪಾಲಿಸುವವನು ತರುತ್ತಾನೆ. ಅವನಿಂದ ನಮಗೆ ಅಪಾಯವಿರಲಿಲ್ಲ. ಜಾರಿಗೆ ಎರಡು ದಿನ ಇರುವಾಗ ಬೆನಿಟೆಜ್ ಇದಕ್ಕೆ ತಡೆ ಕೊಟ್ಟರು.

ನಂತರ ಆದದ್ದು ತಮಾಷೆ ಅನ್ನಬೇಕೋ ದುರಂತ ಅನ್ನಬೇಕೋ ತಿಳಿಯದು. 2019ರ ಮಾರ್ಚ್ 29ರ ಶುಕ್ರವಾರ ಅವರು ಇಡೀ ಕಾನೂನನ್ನೇ, ಮಾರಾಟ ನಿಷೇಧವನ್ನೂ ಸೇರಿಸಿ, ಹೊಡೆದುಹಾಕಿದರು. ಹತ್ತೊಂಬತ್ತು ವರ್ಷ ಮುಚ್ಚಿದ್ದ ಬಾಗಿಲು ತೆರೆದುಕೊಂಡಿತು. ಬೇರೆ ರಾಜ್ಯದ ಆನ್‌ಲೈನ್ ಅಂಗಡಿಗಳು ಹಗಲು ರಾತ್ರಿ ಪಾರ್ಸೆಲ್ ಕಟ್ಟಿದವು, ದಾಸ್ತಾನು ಖಾಲಿಯಾಯಿತು. ಏಪ್ರಿಲ್ 5ರ ಸಂಜೆ ಐದಕ್ಕೆ ಅವರೇ ತಮ್ಮ ಆದೇಶಕ್ಕೆ ತಡೆ ಹಾಕಿದರು, ಆ ನಡುವೆ ಕೊಂಡವರಿಗೆ ರಕ್ಷಣೆ ಕೊಟ್ಟು. ಬಂದೂಕಿನವರು ಅದನ್ನು ಈಗಲೂ ಫ್ರೀಡಮ್ ವೀಕ್ ಅಂತ ಹಬ್ಬದ ಹಾಗೆ ನೆನೆಯುತ್ತಾರೆ. ಅಷ್ಟು ವರ್ಷ ಕಾದು ಕರಗಿಸಿದ್ದು ಆ ಒಂದು ವಾರದಲ್ಲಿ ಮತ್ತೆ ಮನೆಮನೆ ತುಂಬಿತು. ಮನೆಯೊಳಗೆ ಕೈ ಹಾಕಲು ಹೋಗಿ ಕೌಂಟರಿನ ಬೀಗವನ್ನೇ ಕಳೆದುಕೊಂಡರು ಅನ್ನುವುದು ನನ್ನ ಓದು.

ಅದೇ ದಿನಗಳಲ್ಲಿ ನ್ಯೂಜಿಲೆಂಡಿನಲ್ಲಿ ಏನಾಗುತ್ತಿತ್ತು ನೋಡಿ. ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ ಹತ್ಯಾಕಾಂಡ. ಏಪ್ರಿಲ್ 10ರಂದು ಸಂಸತ್ತು 119-1ರಲ್ಲಿ ಬಹುಪಾಲು ಸೆಮಿ ಆಟೊಮ್ಯಾಟಿಕ್ ಬಂದೂಕುಗಳನ್ನೂ ದೊಡ್ಡ ಮ್ಯಾಗಜಿನ್‌ಗಳನ್ನೂ ನಿಷೇಧಿಸಿತು. ಇಟ್ಟುಕೊಳ್ಳುವುದೂ ನಿಷಿದ್ಧ. ಆದರೆ ತಂದುಕೊಟ್ಟವರಿಗೆ ದರಪಟ್ಟಿಯ ಪ್ರಕಾರ ಹಣ. ವರ್ಷ ಮುಗಿಯುವಷ್ಟರಲ್ಲಿ 56,000ಕ್ಕೂ ಹೆಚ್ಚು ಬಂದೂಕು, 1.8 ಲಕ್ಷಕ್ಕೂ ಹೆಚ್ಚು ಬಿಡಿಭಾಗ ಬಂದು ಬಿದ್ದವು. ಅಲ್ಲಿ ಎರಡನೇ ತಿದ್ದುಪಡಿ ಇಲ್ಲ, ಸುತ್ತ ಸಮುದ್ರ ಇದೆ, ಎಲ್ಲ ನಿಜ. ಹಣ ಕೊಡಲು ಎರಡನೇ ತಿದ್ದುಪಡಿ ಅಡ್ಡ ಬರುವುದಿಲ್ಲವಲ್ಲ.

ಸಮುದ್ರ ಇಲ್ಲದ್ದು ಮಾತ್ರ ನಮಗೆ ದೊಡ್ಡ ತಾಪತ್ರಯ. ಅದೇ ವರ್ಷ ಜುಲೈ 28ರಂದು ಕ್ಯಾಲಿಫೋರ್ನಿಯಾದ ಗಿಲ್ರಾಯ್ ಊರಿನ ಬೆಳ್ಳುಳ್ಳಿ ಜಾತ್ರೆಯಲ್ಲಿ ಗುಂಡು ಹಾರಿ ಮೂವರು ಸತ್ತರು. ಬೆಳ್ಳುಳ್ಳಿ ಐಸ್‌ಕ್ರೀಮ್ ತಿನ್ನಿಸಲು ನಮ್ಮ ಕಡೆಯ ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ ಜಾತ್ರೆ. ಬಂದೂಕು ಬಂದದ್ದು ನೆವಾಡಾದಿಂದ, ಅಲ್ಲಿನ ಕಾನೂನಿನ ಪ್ರಕಾರ ಸರಿಯಾಗಿಯೇ ಕೊಂಡದ್ದು. ಜೊತೆಗಿದ್ದ 75 ಗುಂಡಿನ ಡ್ರಮ್ ಮ್ಯಾಗಜಿನ್ ಕ್ಯಾಲಿಫೋರ್ನಿಯಾದಲ್ಲಿ ನಿಷಿದ್ಧ. ನಾವಿರುವ ಬೇ ಏರಿಯಾದಿಂದ ನೆವಾಡಾದ ರೀನೋಗೆ ಕಾರಿನಲ್ಲಿ ನಾಲ್ಕು ಗಂಟೆ. ಗಡಿಯಲ್ಲಿ ತರಕಾರಿ ಹಣ್ಣು ಇದೆಯೇ ಅಂತ ಕೇಳುತ್ತಾರೆ. ಡಬ್ಬಿ ಇದೆಯೇ ಅಂತ ಕೇಳುವುದಿಲ್ಲ.

ನನ್ನ ಸಹೋದ್ಯೋಗಿಯ ಹಳೆಯ 30 ಗುಂಡಿನ ಮ್ಯಾಗಜಿನ್‌ಗಳೂ ಈಗ ರೀನೋದಲ್ಲಿ, ಅವರ ಅಕ್ಕನ ಮನೆಯ ಗ್ಯಾರೇಜಿನಲ್ಲಿವೆ. 2017ರಲ್ಲಿ ಕಾನೂನು ಹೇಳಿದಂತೆ ರಾಜ್ಯದ ಹೊರಗೆ ಸಾಗಿಸಿದರು. ತಡೆ ಬಂದ ಮೇಲೂ ವಾಪಸು ತರಲಿಲ್ಲ. ಸರ್ಕಾರ ಕೊಂಡುಕೊಳ್ಳುತ್ತೇನೆ ಅಂದರೆ ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿದೆ. 1993ರಲ್ಲಿ ಹನ್ನೆರಡು ಡಾಲರಿಗೆ ಕೊಂಡದ್ದಂತೆ. ಸ್ವಲ್ಪ ಹೊತ್ತು ಯೋಚಿಸಿ, "ನಲವತ್ತು ಕೊಟ್ರೆ ಎಲ್ಲಾ ತಗೊಂಡು ಹೋಗ್ಲಿ. ರೀನೋದಿಂದ ತರೋ ಪೆಟ್ರೋಲ್ ಖರ್ಚು ಬೇರೆ" ಅಂದರು. ಒಂದೊಂದು ಮೊಕದ್ದಮೆಗೆ ವಕೀಲರ ಮೇಲೆ ಸುರಿಯುವುದಕ್ಕಿಂತ ಇದು ಸೋವಿ ಅಂತಲೇ ನನ್ನ ಲೆಕ್ಕ.